ತಯಾರಿಯಿಲ್ಲದೆ ಬರೆದ ಪರೀಕ್ಷೆ

ಈ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಹೊರಬಿದ್ದ ಮೂವರು ನಾವು. ಒಬ್ಬನು ನಾರಾಯಣಪೇಟೆಯ ನೇಕಾರರ ಮನೆಯವನು, ಒಬ್ಬನು ಮಕ್ತಲದ ಕಡೆ ಕೃಷ್ಣಾ ತೀರದ ರೈತನ ಮಗ, ಮತ್ತೊಬ್ಬನು ಗದ್ವಾಲದವನು. ಸೋದರಮಾವನ ಮನೆಯಲ್ಲಿದ್ದು ಇಲ್ಲಿ ಕಲಿತವನು. ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಗುರುಗಳು ಕೇಳಿದರು. ಗೆದ್ದ ಕಥೆ ನಮ್ಮಲ್ಲಿ ಹೆಚ್ಚಿಲ್ಲವಾದ್ದರಿಂದ, 2022ರ ಆಗಸ್ಟ್ ತಿಂಗಳಲ್ಲಿ ಎಂ.ಎ. ಪ್ರವೇಶ ಪರೀಕ್ಷೆಗೆ ಕುಳಿತ ಸಂಗತಿಯನ್ನೇ ಬರೆಯುತ್ತಿದ್ದೇವೆ.

ತೆಲಂಗಾಣದಲ್ಲಿ ಎಂ.ಎ. ಸೇರಬೇಕೆಂಬವರಿಗೆ ಸಿ.ಪಿ.ಗೆಟ್ ಎಂಬ ಪರೀಕ್ಷೆಯುಂಟು. ಉಸ್ಮಾನಿಯಾ ವಿಶ್ವವಿದ್ಯಾಲಯ ಅದನ್ನು ನಡೆಸುತ್ತದೆ. 100 ಪ್ರಶ್ನೆ, 90 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ಕೊನೆಯ ಮಾತೇ ನಮಗೆ ಇಲ್ಲದ ಧೈರ್ಯ ಕೊಟ್ಟಿತೆಂದು ಕಾಣುತ್ತದೆ. ಮೂವರೂ ಇತಿಹಾಸಕ್ಕೆ ಅರ್ಜಿ ಹಾಕಿದೆವು, ಅದೂ ದಂಡ ಕಟ್ಟಿ.

ಓದಲು ಉಳಿದದ್ದು ಹನ್ನೊಂದು ದಿನ. ಅದು ಶ್ರಾವಣ ಮಾಸ. ನಾರಾಯಣಪೇಟೆ ಸೀರೆಗೆ ಆಗಲೇ ಕೇಳುವವರು ಹೆಚ್ಚು. ಮಗ್ಗದ ಮುಂದೆ ಕುಳಿತವನು ಏಳುವಂತಿರಲಿಲ್ಲ. ಮಕ್ತಲದ ಕಡೆ ಭತ್ತದ ನಾಟಿ. ಗದ್ವಾಲದವನು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಮೂವರಿಗೂ ಸೇರಿ ಒಂದೇ ತೆಲುಗು ಗೈಡು. ಅದು ಬಸ್ಸಿನ ಕಂಡಕ್ಟರರ ಕೈಯಲ್ಲಿ ಊರಿಂದೂರಿಗೆ ಹೋಗಿಬರುತ್ತಿತ್ತು. ಅದು ಕೈಯಲ್ಲಿಲ್ಲದ ದಿನ ತಂಗಿಯ ಹತ್ತನೆಯ ತರಗತಿಯ ಕನ್ನಡ ಸಮಾಜ ಪುಸ್ತಕವನ್ನು ತಿರುವಿಹಾಕಿದ್ದೂ ಉಂಟು. ಎಂ.ಎ. ಪರೀಕ್ಷೆಗೆ ಹತ್ತನೆಯ ಪುಸ್ತಕ ಓದಿದವರು ಬೇರೆ ಯಾರಾದರೂ ಇದ್ದರೋ ಇಲ್ಲವೋ!

ಪರೀಕ್ಷೆ ಮಹಬೂಬನಗರದಲ್ಲಿ. ಮಕ್ತಲದವನು ನಸುಕಿನ ಬಸ್ಸು ಹತ್ತಿದ. ನಾರಾಯಣಪೇಟೆಯವನು ಮರಿಕಲ್ಲಿನಲ್ಲಿ ಕೂಡಿಕೊಂಡ. ಗದ್ವಾಲದವನು ರೈಲಿನಲ್ಲಿ ಬಂದು ನಮಗಿಂತ ಮೊದಲೇ ಗೇಟಿನ ಬಳಿ ಇಡ್ಲಿ ತಿನ್ನುತ್ತ ನಿಂತಿದ್ದ. "ಏನ್ ಓದಿಯೋ?" ಎಂದರೆ, "ಹಾಲ್ ಟಿಕೀಟ್ ಓದೀನಿ" ಎಂದ.

ಒಳಗೆ ಸಾಲಾಗಿ ಕಂಪ್ಯೂಟರುಗಳು. ಮೌಸು ಹಿಡಿದು ನಮಗೆ ರೂಢಿಯಿಲ್ಲ. ಒಂದು ಉತ್ತರಕ್ಕೆಂದು ಒತ್ತಿದರೆ ಗುರುತು ಇನ್ನೊಂದಕ್ಕೆ ಬೀಳುತ್ತಿತ್ತು. ಹತ್ತು ನಿಮಿಷ ಅದರಲ್ಲೇ ಹೋಯಿತು. ರಾಯಚೂರು ದೋಆಬಿನ ಪ್ರಶ್ನೆ ಬಂದಾಗ ಮಾತ್ರ ಗದ್ವಾಲದವನಿಗೆ ಹಬ್ಬ. ಕೃಷ್ಣೆ ತುಂಗಭದ್ರೆಯರ ನಡುವಣ ನೆಲ ಅವನ ಮನೆಯಂಗಳ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದದ್ದೂ, 1956ರವರೆಗೆ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲೇ ಇದ್ದದ್ದೂ ಅವನು ಅಜ್ಜನ ಬಾಯಿಂದ ಕೇಳಿ ಬಲ್ಲ.

ಆದರೆ ನಮ್ಮನ್ನು ಇಂದಿಗೂ ಚುಚ್ಚುವುದು ಬೇರೊಂದು ಪ್ರಶ್ನೆ. ಇಂಗ್ಲಿಷಿನಲ್ಲಿ 'ಮೆನ್‌ಹಿರ್' ಎಂದಿತ್ತು. ಕೋಟೆಯೋ, ನಾಣ್ಯವೋ, ರಾಜನ ಹೆಸರೋ ತಿಳಿಯದೆ ಮೂವರೂ ಮೂರು ಬಗೆಯಾಗಿ ಒತ್ತಿ ಬಂದೆವು. ಹೊರಗೆ ಬಂದು ಹುಡುಗಿಯೊಬ್ಬಳನ್ನು ಕೇಳಿದಾಗ, "ಅದೇ ರೀ, ಹಳೇ ಕಾಲದಾಗ ನಿಲ್ಲಿಸಿದ ಉದ್ದನೆ ಕಲ್ಲು" ಎಂದಳು. ಮಕ್ತಲದವನು ಹಣೆ ಬಡಿದುಕೊಂಡ. ಕೃಷ್ಣಾ ಮಂಡಲದ ಮುಡುಮಾಲದ ನಿಲುವುಗಲ್ಲುಗಳ ನಡುವೆಯೇ ಅವನು ಕುರಿ ಕಾಯ್ದವನು; ಅವುಗಳ ನೆರಳಿನಲ್ಲಿ ರೊಟ್ಟಿ ಬಿಚ್ಚಿ ಉಂಡವನು. ಕಲ್ಲು ಗೊತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿಲ್ಲ. ಮುಂದೆ 2025ರಲ್ಲಿ ಅದೇ ಕಲ್ಲುಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಸುದ್ದಿ ಬಂದ ದಿನ ಅವನಿಗೆ ನಾವಿಬ್ಬರೂ ಫೋನು ಮಾಡಿದೆವು. ಅವನು ಮಾತಾಡಲಿಲ್ಲ, ನಕ್ಕ.

ಫಲಿತಾಂಶದಲ್ಲಿ ಗದ್ವಾಲದವನಿಗೆ ಹೈದರಾಬಾದಿನ ಕಾಲೇಜೊಂದರಲ್ಲಿ ಸೀಟು ದೊರೆಯಿತು. ಉಳಿದಿಬ್ಬರ ರ‍್ಯಾಂಕನ್ನು ಇಲ್ಲಿ ಬರೆಯುವುದು ಬೇಡ. ಮನೆಯಲ್ಲಿ ಅಪ್ಪ ಏನೂ ಅನ್ನಲಿಲ್ಲ. "ದಂಡ ಕಟ್ಟಿದ ರೊಕ್ಕದಾಗ ಒಂದಿಷ್ಟು ರೇಷ್ಮಿ ಬರ್ತಿತ್ತು" ಎಂದು ಅವ್ವನೊಡನೆ ಹೇಳಿದ್ದು ಮಾತ್ರ ಮಗ್ಗದ ಸದ್ದಿನ ನಡುವೆಯೂ ಕೇಳಿಸಿತು.

ಮರುವರ್ಷ ಇಬ್ಬರೂ ಮತ್ತೆ ಕುಳಿತೆವು. ಆ ಸಲ ಆರು ತಿಂಗಳು ಮೊದಲೇ ಕಂಪ್ಯೂಟರ್ ಅಂಗಡಿಯಲ್ಲಿ ಮೌಸು ಹಿಡಿಯುವುದನ್ನು ಕಲಿತೆವು. ಕನ್ನಡದಲ್ಲಿ ನಮಗೆ ಗೊತ್ತಿದ್ದ ಒಂದೊಂದು ವಸ್ತುವಿನ ಇಂಗ್ಲಿಷ್ ಹೆಸರನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆವು. ಅದರ ಮೊದಲ ಪುಟದ ಮೊದಲ ಸಾಲು: ನಿಲುವುಗಲ್ಲು – ಮೆನ್‌ಹಿರ್. ಆ ಪುಸ್ತಕ ಈಗ ಶಾಲೆಯ ಗ್ರಂಥಾಲಯದಲ್ಲಿದೆ. ಬೇಕಾದವರು ಕೇಳಿ ಪಡೆಯಬಹುದು.