ಹುಳ ಬದಲಿಸೋದಾ, ಜಾಗ ಬದಲಿಸೋದಾ?

ಗಾಳ ಹಾಕಿ ಕೂತವರಿಗೆಲ್ಲ ಒಂದಲ್ಲ ಒಂದು ಹೊತ್ತಲ್ಲಿ ಈ ಪ್ರಶ್ನೆ ಬರುತ್ತೆ. ಅರ್ಧ ಗಂಟೆ ಆಯ್ತು, ಬೆಂಡು ಅಲ್ಲಾಡಿಲ್ಲ. ಈಗ ಹುಳ ಬದಲಿಸೋದಾ, ಜಾಗವನ್ನೇ ಬಿಟ್ಟು ಮುಂದೆ ಹೋಗೋದಾ? ಅಮೆರಿಕದಲ್ಲಿ ಬ್ಯಾಸ್ ಮೀನು ಹಿಡಿಯುವವರು ಇದೊಂದೇ ವಿಷಯದ ಮೇಲೆ ಉದ್ದುದ್ದ ವಿಡಿಯೊ ಮಾಡಿದ್ದಾರೆ. ನಮ್ಮ ಗೋವಿನಕೋವಿಯಲ್ಲಿ ಬ್ಯಾಸ್ ಇಲ್ಲ. ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರಿ ಇಳಿದು ಬರುವ ಹೊಳೆ ಇದೆ. ಅದರಲ್ಲಿ ಕೊರವ, ಬಾಳೆಮೀನು, ಕಾಟ್ಲಾ, ರೋಹು ಇವೆ. ಜೊತೆಗೆ ನಮ್ಮಪ್ಪ ಇದ್ದಾರೆ.

ಅಪ್ಪನ ಲೆಕ್ಕ ಸರಳ. ಮೊದಲು ಸುಳಿವು ನೋಡಬೇಕು. ಕೊರವ ನೀರೊಳಗೇ ಇದ್ದು ಬದುಕುವ ಮೀನಲ್ಲ. ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಜೊಂಡಿನ ಪಕ್ಕ ‘ಗುಳುಕ್’ ಅಂತ ಸದ್ದಾದರೆ, ಸಣ್ಣ ಮೀನುಗಳು ಚೆಲ್ಲಾಪಿಲ್ಲಿಯಾಗಿ ಹಾರಿದರೆ ಅಪ್ಪ ಜಾಗ ಬಿಟ್ಟು ಏಳೋದಿಲ್ಲ. “ಮೀನು ಐತೆ ಕಣೋ, ಬಾಯಿ ಬಿಡ್ತಿಲ್ಲ ಅಷ್ಟೆ” ಅಂತಾರೆ. ಆಗ ಬದಲಾಗೋದು ಹುಳ. ನೀರು ಕೆಂಪಗಿದ್ದರೆ ಎರೆಹುಳ, ಯಾಕಂದ್ರೆ ಕಣ್ಣಿಗೆ ಕಾಣದ್ದು ವಾಸನೆಗೆ ಸಿಗುತ್ತೆ. ತಿಳಿಯಾಗಿದ್ದರೆ ನಾನು ಬೆಂಗಳೂರಿಂದ ತಂದ ರಬ್ಬರ್ ಕಪ್ಪೆ. ಅದಕ್ಕೂ ಬಗ್ಗದಿದ್ದರೆ ಕಪ್ಪೆಯನ್ನ ಎಳೆಯುವ ವೇಗ ಕಮ್ಮಿ. ರೋಹು ಬೇಕಂದ್ರೆ ಹಿಟ್ಟಿನ ಉಂಡೆ, ಬೆಂಡು ಮೇಲೆ ಸರಿಸಿ ಗಾಳ ಇನ್ನೊಂಚೂರು ಆಳಕ್ಕೆ.

ಸುಳಿವೇ ಇಲ್ಲದಿದ್ದರೆ ಮಾತ್ರ ಜಾಗ ಬದಲು. ಬೇಸಿಗೆಯ ಮಧ್ಯಾಹ್ನ ತೆಳುನೀರಲ್ಲಿ ಕೂತು ಹುಳದ ಮೇಲೆ ಹುಳ ಹಾಕಿದರೆ ಏನೂ ಆಗಲ್ಲ. ಮೀನು ಆಳದ ಮಡುವಿಗೋ ಮರದ ನೆರಳಿಗೋ ಹೋಗಿರುತ್ತೆ. ಇನ್ನೊಂದು ಸಂದರ್ಭ ಇದೆ: ಮಳೆಗಾಲದಲ್ಲಿ ಕೊರವದ ಮರಿಗಳು ಕೆಂಪಗೆ ಗುಂಪಾಗಿ ತೇಲುತ್ತಿರುತ್ತವೆ, ತಾಯಿ-ತಂದೆ ಕೆಳಗೆ ಕಾವಲಿರುತ್ತವೆ. ಗಾಳ ಹಾಕಿದರೆ ಖಂಡಿತ ಹಾಯುತ್ತವೆ. ಅಲ್ಲಿಂದ ಅಪ್ಪ ಎದ್ದು ನಡೆದುಬಿಡ್ತಾರೆ.

ಇದನ್ನೆಲ್ಲ ಬರೆಯೋಕೆ ಕಾರಣ ಮೀನಲ್ಲ. ಅಮ್ಮ ತೀರಿಕೊಂಡು ಒಂದು ವರ್ಷವಾಯ್ತು. 71ರ ಅಪ್ಪ ಊರಲ್ಲಿ ಒಬ್ಬರೇ, ಶುಗರ್ ಬೇರೆ. ಮೈಸೂರಿನ ಅಣ್ಣ, ಬೆಂಗಳೂರಿನ ನಾನು ವಿಡಿಯೊ ಕಾಲ್‌ನಲ್ಲಿ ಕೂತಾಗೆಲ್ಲ ಮಾತು ಒಂದೇ ಕಡೆ ಹೋಗೋದು: ಅಪ್ಪನ್ನ ಕರ್ಕೊಂಡು ಬರೋಣ. ನನ್ನ ಒಂಬತ್ತನೇ ಮಹಡಿಯ ಫ್ಲ್ಯಾಟಲ್ಲಿ ಅವರು 12 ದಿನ ಇದ್ದರು. ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತಾ, ಬೇಜಾರಿಲ್ಲದ ದನಿಯಲ್ಲೇ ಅಂದರು: “ಇಲ್ಲಿ ಸುಳಿವಿಲ್ಲಪ್ಪ.”

ಆ ಮಾತನ್ನ ಇಟ್ಟುಕೊಂಡು ಅಣ್ಣನ ಜೊತೆ ಮತ್ತೆ ಲೆಕ್ಕ ಹಾಕಿದೆ. ಊರಲ್ಲಿ ಸುಳಿವುಗಳಿವೆ. ಬೆಳಗ್ಗೆ ಅರಳಿಕಟ್ಟೆ, ಸಂಜೆ ಹೊಳೆ ದಂಡೆ, ಹೆಸರು ಹಿಡಿದು ಕರೆಯುವ ನಾಲ್ಕು ಜನ. ಕೆಟ್ಟಿರೋದು ಊಟದ ಹೊತ್ತು, ಮಾತ್ರೆ, ರಾತ್ರಿ ಬಚ್ಚಲಿಗೆ ಹೋಗುವ ಕತ್ತಲ ದಾರಿ. ಅಂದ್ರೆ ಹುಳ ಬದಲಿಸಬೇಕಾದ್ದು. ಪಕ್ಕದ ಮನೆಯ ಅಕ್ಕನಿಗೆ ತಿಂಗಳಿಗಿಷ್ಟು ಅಂತ ಕೊಟ್ಟು ಎರಡು ಹೊತ್ತಿನ ಊಟಕ್ಕೆ ಒಪ್ಪಿಸಿದೆವು. ಬಚ್ಚಲ ಗೋಡೆಗೆ ಹಿಡಿಕೆ, ದಾರಿಗೆ ಲೈಟು ಬಂತು. ವಾರದ ಮಾತ್ರೆಗೆ ಡಬ್ಬಿ ತಂದೆವು. ತಿಂಗಳಿಗೆ ಒಂದು ಶನಿವಾರ ನಾನು, ಇನ್ನೊಂದು ಶನಿವಾರ ಅಣ್ಣ ಊರಿಗೆ.

ಆದರೆ ಅಪ್ಪನ ಲೆಕ್ಕದಲ್ಲಿ ಮೂರನೆಯದೂ ಒಂದಿದೆ. ಮೇಲೆ ಡ್ಯಾಂನಿಂದ ನೀರು ಬಿಟ್ಟು ಹೊಳೆ ಏರತೊಡಗಿದರೆ ಹುಳ, ಜಾಗ ಅಂತ ಯೋಚಿಸೋದೇ ಇಲ್ಲ. ಮೀನು ಕಚ್ಚುತ್ತಿದ್ದರೂ ಗಾಳ ಸುತ್ತಿ ದಂಡೆ ಹತ್ತೋದು. ಅದನ್ನೇ ಅವರ ಮುಂದಿಟ್ಟೆ. “ಅಪ್ಪ, ನೀರು ಏರಿದೆ ಅಂತ ನಾವು ಯಾವಾಗ ಅಂದ್ಕೋಬೇಕು?” ಅಂತ ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಎಣಿಸಿದರು: ಒಂದು ಸಲ ಬಿದ್ದರೆ, ಮಾತ್ರೆ ತಗೊಂಡೆನೋ ಇಲ್ಲವೋ ಅನ್ನೋದೇ ಮರೆಯೋಕೆ ಶುರುವಾದರೆ, ಹೊಳೆಗೆ ನಡೆಯೋಕೆ ಆಗದಿದ್ದರೆ. “ಆಗ ನೀವು ಕೇಳೋದೂ ಬ್ಯಾಡ, ಬಂದು ಕರ್ಕೊಂಡು ಹೋಗ್ರಿ” ಅಂದರು.

ಆ ಮೂರನ್ನೂ ಫೋನಲ್ಲಿ ಬರೆದುಕೊಂಡು ಅಣ್ಣನಿಗೆ ಕಳಿಸಿದೆ. ಇವತ್ತಿನವರೆಗೆ ಅದರಲ್ಲಿ ಒಂದೂ ಆಗಿಲ್ಲ. ಪ್ರತಿ ರಾತ್ರಿ ಎಂಟಕ್ಕೆ ಕಾಲ್ ಮಾಡಿದಾಗ ಮೊದಲು ಕೇಳೋದು, “ಇವತ್ತು ಹೊಳೆಗೆ ಹೋಗಿದ್ರಾ?” ಅಂತ. ಹೂಂ ಅಂದ ಮೇಲೇ ಬೇರೆ ಮಾತು.