ಪುಟ್ಟಿಗೊಂದು ದೋಣಿ ಬೇಕಂತೆ

ಕಳೆದ ಬೇಸಿಗೆ ರಜೆಗೆ ಕೊಚ್ಚಿಯಿಂದ ಬಂದ ಮೊಮ್ಮಗಳು ಪುಟ್ಟಿ ಚೀಲದಿಂದ ಮೊಟ್ಟಮೊದಲು ತೆಗೆದದ್ದು ಒಂದು ಬಣ್ಣದ ಪುಸ್ತಿಕೆ. ಅವಳಪ್ಪ ಅವಳನ್ನು ಅಲ್ಲಿನ ದೋಣಿಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದರಂತೆ. ಪುಸ್ತಿಕೆಯಲ್ಲಿ ಹಾಲಿನಷ್ಟು ಬೆಳ್ಳಗಿನ ದೋಣಿಯ ಚಿತ್ರ. ಅದರ ಹೊಟ್ಟೆಯೊಳಗೆ ಪುಟಾಣಿ ಕೋಣೆ, ಎರಡು ಹಾಸಿಗೆ, ಒಲೆ, ಕೈತೊಳೆಯುವ ತೊಟ್ಟಿ. ಅದಕ್ಕೆ ಕ್ಯಾಬಿನ್ ಕ್ರೂಸರ್ ಎನ್ನುತ್ತಾರಂತೆ.

“ತಾತ, ಇದನ್ನ ತಗೊಳೋಣ. ನೀನು ಬ್ಯಾಂಕಲ್ಲಿ ಇದ್ದೆಯಲ್ಲ, ದುಡ್ಡಿರುತ್ತೆ” ಅಂದಳು.

ನಾನು ನಾಗಮಂಗಲದವನು. ನಮ್ಮೂರಲ್ಲಿ ಸೌಮ್ಯಕೇಶವನ ದೇವಸ್ಥಾನವಿದೆ, ಹಿತ್ತಾಳೆ ಕೆಲಸದವರಿದ್ದಾರೆ, ಕೆರೆಗಳಿವೆ. ದೋಣಿ ಓಡುವ ಹೊಳೆ ಮಾತ್ರ ಇಲ್ಲ. ಹುಡುಗರಾಗಿದ್ದಾಗ ಬಾಳೆದಿಂಡುಗಳನ್ನು ಬಿದಿರುಕಡ್ಡಿಯಿಂದ ಪೋಣಿಸಿ ಕೆರೆಯಲ್ಲಿ ತೆಪ್ಪ ಬಿಡುತ್ತಿದ್ದೆವು. ಒಂದು ದಿನ ನಡುನೀರಿನಲ್ಲಿ ದಿಂಡುಗಳು ಬಿಚ್ಚಿಕೊಂಡವು. ದನ ಮೇಯಿಸುತ್ತಿದ್ದವರೊಬ್ಬರು ಕೂದಲು ಹಿಡಿದು ಎಳೆಯದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. ಅಂದಿನಿಂದ ನನಗೂ ನೀರಿಗೂ ಮೊಣಕಾಲಿನವರೆಗೆ ಮಾತ್ರ ಸ್ನೇಹ.

ಆದರೂ ಬ್ಯಾಂಕಿನ ಅಭ್ಯಾಸ ಬಿಡುವುದೇ? ಕೇಳಿದವರಿಗೆ ಕೂಡಲೇ ಇಲ್ಲ ಎನ್ನಬಾರದು, ‘ಪರಿಶೀಲಿಸೋಣ’ ಎನ್ನಬೇಕು. “ಮೊದಲು ನೀರು ನೋಡೋಣ, ಆಮೇಲೆ ದೋಣಿ” ಅಂದೆ. ನೋಟ್‌ಬುಕ್ಕಿನಲ್ಲಿ ಐದು ಕಲಂ ಹಾಕಿಕೊಟ್ಟೆ: ನೀರು, ಆಳ, ನಿಲ್ಲಿಸುವ ಜಾಗ, ನಡೆಸುವವರು, ಖರ್ಚು. ಅಜ್ಜಿ ಚಿತ್ರಾನ್ನ ಕಟ್ಟಿಕೊಂಡಳು. ಮೂವರೂ ಹೊರಟೆವು.

ಮೊದಲು ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ. ಗುಡ್ಡಗಳ ನಡುವೆ ಸಮುದ್ರದ ತುಂಡೊಂದನ್ನು ತಂದಿಟ್ಟಂತಿದೆ. ರಾಮಾನುಜಾಚಾರ್ಯರ ಹೆಸರಿನೊಂದಿಗೆ ಸೇರಿಕೊಂಡಿರುವ ಹಳೆಯ ಕೆರೆ. ಮೋತಿ ತಲಾಬ್ ಎಂಬ ಇನ್ನೊಂದು ಹೆಸರೂ ಇದೆ. ಪುಟ್ಟಿ ಕುಣಿದಾಡಿದಳು. “ಆಳ ಸಾಕು, ನೀರೂ ಸಾಕು. ಆದರೆ ಇಲ್ಲಿಂದ ದೋಣಿಯಲ್ಲಿ ಎಲ್ಲಿಗೆ ಹೋಗ್ತೀಯ?” ಎಂದೆ. ಸುತ್ತಲೂ ನೋಡಿದಳು. “ಎಲ್ಲಿಗೂ ಇಲ್ಲ. ಇಲ್ಲೇ ಗಿರಗಿರ” ಅಂದಳು. ಗದ್ದೆಗೆ ಹರಿಯುವ ನೀರಿಗೆ ಎಂಜಿನ್ ಎಣ್ಣೆ ಬೀಳಿಸುವುದೂ ಬೇಡ ಅಂದಳು ಅಜ್ಜಿ.

ಅಲ್ಲಿಂದ ಹೊಸ ಕನ್ನಂಬಾಡಿಗೆ ಹೋದೆವು. ಎದುರಿಗೆ ಕೆ.ಆರ್.ಎಸ್. ಹಿನ್ನೀರು. 1911ರಲ್ಲಿ ಕೆಲಸ ಶುರುವಾದ ಈ ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರಿನಲ್ಲಿ ಮುಳುಗಿತ್ತು. ಮಳೆ ಕೈಕೊಟ್ಟು ನೀರು ತಳ ಕಂಡ ವರ್ಷಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಆಮೇಲೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ಈ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ನಾವು ಹೋದಾಗ ನೀರು ದೂರ ಸರಿದಿತ್ತು. ಬಿರುಕುಬಿಟ್ಟ ಮಣ್ಣಿನ ಮೇಲೆ ನಡೆದು ನೀರು ಮುಟ್ಟಬೇಕಾಯಿತು.

“ಜಲಾಶಯವೂ ಪಾಸ್‌ಬುಕ್ ಇದ್ದ ಹಾಗೆ. ಮಳೆಗಾಲದಲ್ಲಿ ಜಮಾ, ಬೇಸಿಗೆಯಲ್ಲಿ ಖರ್ಚು” ಎಂದೆ. ನವೆಂಬರಿನಲ್ಲಿ ದಡಕ್ಕೆ ಕಟ್ಟಿದ ದೊಡ್ಡ ದೋಣಿ ಮೇ ತಿಂಗಳಲ್ಲಿ ಒಣನೆಲದ ಮೇಲೆ ಕೂತಿರುತ್ತದೆ. ಒಳನಾಡಿನ ನೀರಿನಲ್ಲಿ ಎಂಜಿನ್ ದೋಣಿ ಓಡಿಸಬೇಕಾದರೆ 2021ರ ಕಾಯ್ದೆಯಂತೆ ನೋಂದಣಿ, ತಪಾಸಣೆ ಎಲ್ಲ ಆಗಬೇಕು. ಪುಟ್ಟಿ ‘ನಿಲ್ಲಿಸುವ ಜಾಗ’ದ ಕಲಮಿಗೆ ದೊಡ್ಡ ಸೊನ್ನೆ ಹಾಕಿದಳು.

ಮಾರನೆಯ ದಿನ ಶ್ರೀರಂಗಪಟ್ಟಣ. ರಂಗನತಿಟ್ಟಿನಲ್ಲಿ ಅಜ್ಜಿ, ಮೊಮ್ಮಗಳು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ದೋಣಿ ಹತ್ತಿದರು. ನಾನು ದಡದ ಬೆಂಚಿನಲ್ಲಿ ಕೂತೆ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ದರಿಂದ ಇಲ್ಲಿ ದ್ವೀಪಗಳಾದವು. ದ್ವೀಪಗಳಿಗೆ ಹಕ್ಕಿಗಳು ಬಂದವು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ದೋಣಿ ಇಳಿದು ಬಂದ ಪುಟ್ಟಿ ಉಸಿರು ಬಿಡದೆ ಹೇಳಿದಳು: “ತಾತ, ಬಂಡೆ ಮೇಲೆ ಮೊಸಳೆ ಇತ್ತು! ಗೂಡಿನ ಹತ್ತಿರ ಬಂದಾಗ ದೋಣಿಯಣ್ಣ ಹುಟ್ಟು ಹಾಕೋದನ್ನೇ ನಿಲ್ಲಿಸಿಬಿಟ್ರು. ಮರಿಗಳು ಹೆದರ್ತಾವಂತೆ. ಎಂಜಿನ್ ಇದ್ದಿದ್ರೆ ಹಕ್ಕೀನೇ ಕಾಣ್ತಿರಲಿಲ್ಲ.” ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟಾಗ ಇಲ್ಲಿ ದೋಣಿ ನಿಲ್ಲಿಸಿಬಿಡುತ್ತಾರೆ ಎಂಬುದನ್ನೂ ಕೇಳಿ ತಿಳಿದುಕೊಂಡು ಬಂದಿದ್ದಳು.

ಮಧ್ಯಾಹ್ನ ಸಂಗಮಕ್ಕೆ ಹೋದೆವು. ದಡದಲ್ಲಿ ಹರಿಗೋಲುಗಳನ್ನು ಬೋರಲು ಹಾಕಿದ್ದರು, ದೊಡ್ಡ ದೊಡ್ಡ ಆಮೆಗಳ ಹಾಗೆ. ಇದೇ ನಮ್ಮ ಬೋಟ್ ಶೋ ಅಂದೆ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಫೈಬರಿನವೂ ಬಂದಿವೆ. ಹರಿಗೋಲಿಗೆ ಮುಂದು ಹಿಂದು ಇಲ್ಲ. ಅಂಬಿಗ ಮುಂದೆ ಕೂತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವಂತೆ ಹುಟ್ಟು ಹಾಕುತ್ತಾನೆ. ಗೊತ್ತಿಲ್ಲದವರು ಹಾಕಿದರೆ ಸುಮ್ಮನೆ ಬುಗುರಿಯಾಡುತ್ತದೆ. ಗೇಣುದ್ದ ನೀರಿದ್ದರೂ ತೇಲುತ್ತದೆ, ಕಲ್ಲಿಗೆ ತಾಗಿದರೆ ಬಳುಕಿ ಜಾರುತ್ತದೆ. ಕೆಲಸ ಮುಗಿದರೆ ಒಬ್ಬನೇ ತಲೆಯ ಮೇಲೆ ಹೊತ್ತು ಮನೆಗೆ ಒಯ್ಯಬಹುದು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಂಥ ದುಂಡು ದೋಣಿಗಳಲ್ಲಿ ಜನ ಮಾತ್ರವಲ್ಲ, ಕುದುರೆ, ಎತ್ತುಗಳೂ ಹೊಳೆ ದಾಟುತ್ತಿದ್ದವೆಂದು ಬರೆದಿದ್ದಾನೆ. ದೂರದ ಇರಾಕಿನಲ್ಲೂ ಇಂಥ ಬುಟ್ಟಿ ದೋಣಿಗಳಿದ್ದವು. ಬಂಡೆಗಳ ಹೊಳೆಗೆ ಬಂಡೆಗಳೇ ಕಲಿಸಿಕೊಟ್ಟ ದೋಣಿ ಇದು.

ಪುಟ್ಟಿಯ ಪುಸ್ತಕದಲ್ಲಿ ನಾಲ್ಕು ಕಲಂ ತುಂಬಿದವು. ಉಳಿದದ್ದು ‘ನಡೆಸುವವರು’. ಅದಕ್ಕಾಗಿ ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಗೆ ಹೋಗೋಣ ಎಂದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರುವ ಜಾಗ ಅದು. 2022ರ ಅಕ್ಟೋಬರಿನಲ್ಲಿ ಕುಂಭಮೇಳ ನಡೆದದ್ದು ಅಲ್ಲಿಯೇ. ನಾನು ಅಲ್ಲಿಗೆ ಹೋಗಬೇಕೆಂದದ್ದಕ್ಕೆ ಬೇರೆ ಕಾರಣವೂ ಇತ್ತು. ಬಸ್ಸಿನಲ್ಲಿ ಪುಟ್ಟಿಗೆ ಹೇಳಿದೆ.

1983ರಲ್ಲಿ ನಾನು ಆ ತಾಲ್ಲೂಕಿನ ಒಂದು ಶಾಖೆಯಲ್ಲಿ ಗುಮಾಸ್ತ. ಬಡವರಿಗೆ ಐಆರ್‌ಡಿಪಿ ಸಾಲ ಕೊಡುತ್ತಿದ್ದ ಕಾಲ. ಹೊಳೆದಡದವರೊಬ್ಬರು ಹರಿಗೋಲಿಗೂ ಬಲೆಗೂ ಸಾಲ ಕೇಳಿಕೊಂಡು ಬಂದರು. ನನ್ನ ಕೈಯಲ್ಲಿದ್ದ ಫಾರಂ ವಾಹನದ ಸಾಲದ್ದು. ತಯಾರಕರ ಹೆಸರು, ಎಂಜಿನ್ ನಂಬರ್ ಎಂದು ಓದಿದೆ. ಅವರು ನಕ್ಕು, “ಮಾಡೋನೂ ನಾನೇ, ಇಂಜಿನ್ನೂ ನಾನೇ ಸಾಮಿ” ಅಂದರು. ನಾನು ನಗಲಿಲ್ಲ. ‘ವಿವರ ಅಪೂರ್ಣ’ ಎಂದು ಬರೆದು ವಾಪಸ್ ಕೊಟ್ಟೆ. ಮ್ಯಾನೇಜರ ಮೇಜಿನವರೆಗೂ ಅದು ಹೋಗಲಿಲ್ಲ. ಅವರು ಮತ್ತೆ ಬರಲಿಲ್ಲ.

ಪುಟ್ಟಿ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. “ಬೇರೆ ಫಾರಂ ಇರಲಿಲ್ವಾ ತಾತ?” ಅಂದಳು. ಇತ್ತು. ಹುಡುಕಬೇಕಿತ್ತು, ಅಷ್ಟೇ.

ಅಂಬಿಗರಹಳ್ಳಿಯ ದಡದಲ್ಲಿ ಅರವತ್ತು ದಾಟಿದವರೊಬ್ಬರು ಬಲೆ ಸರಿಮಾಡುತ್ತ ಕೂತಿದ್ದರು. ಅವರಿಗೆ ಎಲ್ಲವನ್ನೂ ಹೇಳಿದೆ. “ಯಾರೋ ಏನೋ ಸಾಮಿ. ಆಗ ಸುಮಾರು ಜನ ಬ್ಯಾಂಕಿಗೆ ಅಲೆದವ್ರೆ” ಎಂದು ಸುಮ್ಮನಾದರು. ಆಮೇಲೆ ಅವರೇ, “ಬನ್ನಿ, ಮಗೀನ ಕೂರಿಸ್ಕಂಡು ಒಂದು ಸುತ್ತು ಹಾಕಿಸ್ತೀನಿ” ಅಂದರು.

ಪುಟ್ಟಿ ಅಲುಗಾಡಲಿಲ್ಲ. “ಜಾಕೆಟ್ ಎಲ್ಲಿ?” ಎಂದಳು. ಜಾಕೆಟ್ ಇರಲಿಲ್ಲ. “ಹಂಗಾದ್ರೆ ಇವತ್ತು ಬೇಡ ಅಜ್ಜ. ನಮ್ ತಾತಂಗೆ ಈಜು ಬರಲ್ಲ.”

ಮುಂದಿನ ವಾರ ಮೈಸೂರಿನಲ್ಲಿ ನಾಲ್ಕು ಲೈಫ್ ಜಾಕೆಟ್ ಕೊಂಡು ಮತ್ತೆ ಹೋದೆವು. ಅಂಬಿಗರಿಗೂ ಒಂದು ತೊಡಿಸಿದಳು. ಅವರು ನಾಚಿಕೊಂಡೇ ಹಾಕಿಕೊಂಡರು. ಅರವತ್ತು ವರ್ಷಗಳ ಮೇಲೆ ನಾನು ನೀರಿನ ಮೇಲೆ ಕೂತೆ. ಹರಿಗೋಲು ಅಲುಗಿದಾಗಲೆಲ್ಲ ಅಜ್ಜಿಯ ಕೈ ಹಿಡಿದುಕೊಂಡೆ. ಅವರು ದಡ ಬಿಟ್ಟು ದೂರ ಹೋಗಲಿಲ್ಲ. ಗಾಳಿ ಎದ್ದ ಕೂಡಲೇ “ಸಾಕು, ತಿರುಗಿಸ್ತೀನಿ” ಅಂದರು. ಪುಟ್ಟಿ ‘ನಡೆಸುವವರು’ ಕಲಮಿನಲ್ಲಿ ಬರೆದದ್ದು ಹೀಗೆ: “ಯಾವಾಗ ವಾಪಸ್ ಬರಬೇಕು ಅಂತ ಗೊತ್ತಿರುವವರು.”

ಹೊರಡುವಾಗ ನಾಲ್ಕೂ ಜಾಕೆಟ್‌ಗಳನ್ನು ಅಲ್ಲೇ ಬಿಟ್ಟು ಬಂದೆ. 1983ರ ಆ ಸಾಲ ಅಷ್ಟಕ್ಕೇ ತೀರುವುದಿಲ್ಲ. ಬಡ್ಡಿಯಲ್ಲಿ ಸ್ವಲ್ಪ ಕಟ್ಟಿದಂತಾಯಿತು, ಅಷ್ಟೇ.

ಹೊಳೆ ನೋಡಲು ಹೋಗುವ ಮಕ್ಕಳೇ, ಅಜ್ಜ ಅಜ್ಜಿಯರೇ, ಜಾಕೆಟ್ ಇಲ್ಲದೆ ಹರಿಗೋಲು ಹತ್ತಬೇಡಿ. ಅಂಬಿಗ ಬೇಡ ಎಂದ ದಿನ ಒತ್ತಾಯ ಮಾಡಬೇಡಿ.

ಕ್ಯಾಬಿನ್ ಕ್ರೂಸರಿನ ಪುಸ್ತಿಕೆ ನನ್ನ ಮೇಜಿನ ಮೇಲೇ ಇದೆ. ಪುಟ್ಟಿ ಈಗ ಕೊಚ್ಚಿಯಲ್ಲಿ ಈಜು ಕಲಿಯುತ್ತಿದ್ದಾಳೆ. ಮುಂದಿನ ರಜೆಗೆ ಬಂದಾಗ ನನಗೂ ಕಲಿಸುತ್ತಾಳಂತೆ. ಮೊಣಕಾಲಿನವರೆಗಾದರೆ ಸರಿ ಎಂದು ಹೇಳಿದ್ದೇನೆ.