ತಕ್ಕಡಿಯ ಮಾತು

ನವಲಗುಂದ ಸೀಮೆಯ ನಮ್ಮ ಮನೆಗೆ ಕಳೆದ ವರುಷ ಸ್ಮಾರ್ಟ್ ತಕ್ಕಡಿಯೊಂದು ಬಂದಿತು. ಬರಿಗಾಲಿನಿಂದ ಅದರ ಮೇಲೆ ನಿಂತರೆ ತೂಕವಲ್ಲದೆ ದೇಹದ ಕೊಬ್ಬಿನ ಪ್ರಮಾಣವೂ ಮೊಬೈಲಿನಲ್ಲಿ ಮೂಡುವದು. ಒಂದು ಸಂಜೆ ನಮ್ಮ ತಂಗಿಯು ಹತ್ತಿಯ ಹೊಲದಲ್ಲಿ ಕಳೆ ತೆಗೆದು ಬಂದು ಅದನ್ನೇರಿದಳು. ಮುಂಜಾನೆ ನೂರಕ್ಕೆ 27 ಇದ್ದ ಕೊಬ್ಬು 30 ಆಗಿತ್ತು. ಆ ರಾತ್ರಿಯೇ ಅವಳು ರೊಟ್ಟಿಯನ್ನು ಬಿಟ್ಟಳು. ನಾವೂ ತಡೆಯಲಿಲ್ಲ, ಯಾಕಂದರೆ ಅಂಕಿಯನ್ನು ನಂಬಿದ್ದೆವು. ಎಂಟನೆಯ ದಿನ ಅವಳು ಹೊಲದಲ್ಲಿ ತಲೆಸುತ್ತಿ ಬಿದ್ದಳು.

ಆಗ ನಮ್ಮ ಶಾಲೆಯ ವಿಜ್ಞಾನಪಾಠವು ನೆನಪಾಯಿತು. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿದು ದೀಪ ಹತ್ತಿತ್ತು, ಎಣ್ಣೆಯಲ್ಲಿ ಹತ್ತಿರಲಿಲ್ಲ. ಈ ಯಂತ್ರವೂ ಒಂದು ಪಾದದಿಂದ ಇನ್ನೊಂದಕ್ಕೆ ಅತ್ಯಲ್ಪ ವಿದ್ಯುತ್ತನ್ನು ಹರಿಸುತ್ತದೆ. ನೀರುಳ್ಳ ಮಾಂಸಖಂಡವು ದಾರಿ ಕೊಡುವದು, ಕೊಬ್ಬು ತಡೆಯುವದು. ಆ ತಡೆಯಿಂದಲೂ ವಯಸ್ಸು ಎತ್ತರಗಳಿಂದಲೂ ಕೊಬ್ಬನ್ನು ಲೆಕ್ಕಹಾಕಿ ಊಹಿಸುವದೇ ಹೊರತು ನೇರವಾಗಿ ಅಳೆಯುವದಿಲ್ಲ. ಬೆವರಿ ನೀರು ಕಡಿಮೆಯಾದ ದೇಹಕ್ಕೆ ಕೊಬ್ಬು ಹೆಚ್ಚೆಂದು ಹೇಳುವದುಂಟು. ತಂಗಿಗೆ ಬೇಕಾಗಿದ್ದುದು ಉಪವಾಸವಲ್ಲ, ಒಂದು ತಂಬಿಗೆ ನೀರು.

ಈಗ ವಾರಕ್ಕೊಮ್ಮೆ ಮುಂಜಾನೆ ಒಂದೇ ಹೊತ್ತಿನಲ್ಲಿ ತೂಗಿಕೊಂಡು, ತಿಂಗಳುಗಳ ಏರಿಳಿತವನ್ನಷ್ಟೇ ನೋಡುತ್ತೇವೆ. ಪೇಸ್‌ಮೇಕರ್ ಉಳ್ಳವರು ಇದನ್ನು ಏರಬಾರದು. ಸೋದರಿಯರೇ, ಕಲಿತ ಪಾಠವನ್ನು ಎಂಟು ದಿನ ಮರೆತಿದ್ದಕ್ಕಾಗಿ ನಾವು ತಂಗಿಯ ಕ್ಷಮೆ ಬೇಡಿದೆವು. ಅವಳು ನಕ್ಕು ಇನ್ನೊಂದು ರೊಟ್ಟಿ ಬಡಿಸಿಕೊಂಡಳು.